ಪಂಜದ ತರಗತಿಗೆ ಬಂದ ಒಂದು ಲಾಳಿ: ಕೈಮಗ್ಗದ ಪಾಠ ಮಾಡಲು ಹೋಗಿ ಕಲಿತದ್ದು

ಬೋಧನಾಭ್ಯಾಸಕ್ಕೆಂದು ನನಗೆ ಸಿಕ್ಕಿದ್ದು ಪಂಜದ ಒಂದು ಪ್ರೌಢಶಾಲೆ. ಆಗಸ್ಟ್ ತಿಂಗಳ ಮೊದಲ ವಾರ. ಆ ಊರಿನ ಮಳೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಶೀಟಿನ ಮಾಡಿನ ಮೇಲೆ ಅದು ಸುರಿಯತೊಡಗಿದರೆ ಪಾಠ ನಿಲ್ಲಿಸಿ ಸುಮ್ಮನೆ ಕಪ್ಪುಹಲಗೆಯಲ್ಲಿ ಬರೆಯುವುದೊಂದೇ ದಾರಿ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಆ ದಿನಕ್ಕೆ ಹೊಂದುವಂತೆ ಒಂದು ಪಾಠ ಮಾಡಿ ಎಂದು ಮಾರ್ಗದರ್ಶಕ ಶಿಕ್ಷಕಿ ಸೂಚಿಸಿದರು. ನಾನು ಉತ್ಸಾಹದಿಂದ ಒಪ್ಪಿಕೊಂಡೆ. ಪಾಠಯೋಜನೆಯ ಉದ್ದೇಶದ ಅಂಕಣದಲ್ಲಿ ನಾನು ಬರೆದ ವಾಕ್ಯ ಈಗಲೂ ಆ ಪುಸ್ತಕದಲ್ಲಿದೆ: "ವಿದ್ಯಾರ್ಥಿಗಳು ಕೈಮಗ್ಗದ ಮಹತ್ವವನ್ನು ಅರಿತು ನೇಕಾರರನ್ನು ಬೆಂಬಲಿಸುವ ಮನೋಭಾವ ಬೆಳೆಸಿಕೊಳ್ಳುವರು."

ಒಂದೇ ಪಾಠ ಎಂದುಕೊಂಡಿದ್ದದ್ದು ನಾಲ್ಕು ಪಾಠವಾಯಿತು. ಮೊದಲನೆಯದು ಸೋತಿತು. ಅದು ಯಾಕೆ ಸೋತಿತು, ಆಮೇಲೆ ಏನು ಮಾಡಿದೆ, ಈ ವಿಷಯವನ್ನು ಮಕ್ಕಳ ಮುಂದಿಡುವವರಿಗೆ ಯಾವ ಯಾವ ಸಂಗತಿ ತಿಳಿದಿರಬೇಕು ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಮೊದಲ ದಿನ ನಾನು ಸ್ವದೇಶಿ ಚಳವಳಿಯಿಂದ ಆರಂಭಿಸಿದೆ. 1905ರ ಆಗಸ್ಟ್ 7ರಂದು ಕಲ್ಕತ್ತದ ಟೌನ್ ಹಾಲಿನಲ್ಲಿ ವಿದೇಶಿ ವಸ್ತುಗಳ ಬಹಿಷ್ಕಾರದ ನಿರ್ಣಯವಾಯಿತು, ಅದರ ನೆನಪಿಗೆ 2015ರಿಂದ ಈ ದಿನಾಚರಣೆ ಎಂದೆಲ್ಲ ಹೇಳಿ, ಪರಿಚಯದವರಿಂದ ಕೇಳಿ ತಂದಿದ್ದ ಒಂದು ಉಡುಪಿ ಸೀರೆಯನ್ನು ಬಿಡಿಸಿ ತೋರಿಸಿದೆ. ಮಕ್ಕಳು ಮುಟ್ಟಿ ನೋಡಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ, "ಟೀಚರ್, ಇದಕ್ಕೆ ಎಷ್ಟು?"

"ಎರಡು ಸಾವಿರದ ಹತ್ತಿರ."

"ಸುಳ್ಯದಲ್ಲಿ ನಾನೂರಕ್ಕೆ ಸೀರೆ ಸಿಗ್ತದೆ. ಮತ್ತೆ ಇದನ್ನು ಯಾರು ತೆಗೀತಾರೆ?"

ತರಗತಿ ನಕ್ಕಿತು. ನಾನು "ನಮ್ಮ ಪರಂಪರೆ ಉಳಿಯಬೇಕಲ್ಲವೇ" ಎಂದೆ. ಹುಡುಗ "ಹೌದು ಟೀಚರ್" ಎಂದು ಕುಳಿತ. ಆ ಹೌದಿನಲ್ಲಿ ಒಪ್ಪಿಗೆ ಇರಲಿಲ್ಲ, ಗೌರವ ಮಾತ್ರ ಇತ್ತು. ಬಿ.ಎಡ್. ಮಾಡುವ ನಮಗೆಲ್ಲ ಈ 'ಹೌದು ಟೀಚರ್' ಚೆನ್ನಾಗಿ ಪರಿಚಯ. ಅವಲೋಕನ ಪುಸ್ತಕದಲ್ಲಿ ಅದು 'ವಿದ್ಯಾರ್ಥಿಗಳ ಪ್ರತಿಕ್ರಿಯೆ ತೃಪ್ತಿಕರ' ಎಂದು ದಾಖಲಾಗುತ್ತದೆ.

ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದು ಪಾಠದ ಕೊನೆಗೆ. ಕರಾವಳಿಯಲ್ಲಿ ನೇಯ್ಗೆ ಪದ್ಮಶಾಲಿ, ಶೆಟ್ಟಿಗಾರ ಸಮುದಾಯಗಳ ಕುಲಕಸುಬಾಗಿತ್ತು ಎಂದು ಓದಿಕೊಂಡು ಹೋಗಿದ್ದೆ. ಹಾಜರಿ ಪುಸ್ತಕದ ಒಂದು ಹೆಸರು ನೆನಪಾಗಿ, ಎರಡನೆಯ ಸಾಲಿನ ಹುಡುಗಿಯೊಬ್ಬಳನ್ನು ನೋಡಿ "ನಿಮ್ಮ ಮನೆಯಲ್ಲಿ ಮಗ್ಗ ಉಂಟಾ?" ಎಂದು ಕೇಳಿಬಿಟ್ಟೆ. ಅವಳು "ಇಲ್ಲ" ಎಂದು ತಲೆ ತಗ್ಗಿಸಿದಳು. ಉಳಿದವರೆಲ್ಲ ತಿರುಗಿ ಅವಳನ್ನು ನೋಡಿದರು. ಮಾರ್ಗದರ್ಶಕ ಶಿಕ್ಷಕಿ ನನ್ನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "ಕಸುಬನ್ನು ಕೇಳಿ, ಮಗುವಿನ ಜಾತಿಯನ್ನು ಕೇಳಬೇಡಿ." ನಾನು ಜಾತಿ ಕೇಳಿರಲಿಲ್ಲ ಎಂದು ವಾದಿಸಬಹುದಿತ್ತು. ಆದರೆ ಆ ಹುಡುಗಿಗೆ ಕೇಳಿಸಿದ್ದು ಅದೇ. ಕುಂಬಾರಿಕೆ, ಚಮ್ಮಾರಿಕೆ, ಬುಟ್ಟಿ ಹೆಣೆಯುವುದು, ನೇಯ್ಗೆ, ಹೀಗೆ ಯಾವ ಕರಕುಶಲ ಕಲೆಯ ಪಾಠವಾದರೂ ನಮ್ಮಲ್ಲಿ ಈ ಗುಂಡಿ ಇದ್ದೇ ಇರುತ್ತದೆ. ನೋಡಿಕೊಂಡು ದಾಟಬೇಕು.

ಮಾರನೆಯ ದಿನ ಪಾಠವನ್ನು ತಲೆಕೆಳಗು ಮಾಡಿದೆ. ಪರಂಪರೆ, ಮಹತ್ವ ಎಲ್ಲ ಬಿಟ್ಟು ಬಟ್ಟೆ ಹೇಗಾಗುತ್ತದೆ ಎಂಬುದರಿಂದ ಹೊರಟೆ. ಪಂಜದ ಮಕ್ಕಳಲ್ಲಿ ಹೆಚ್ಚಿನವರು ಮಗ್ಗ ನೋಡಿದವರಲ್ಲ, ಆದರೆ ತೆಂಗಿನ ಮಡಲು ಹೆಣೆಯುವುದನ್ನು ನೋಡದವರಿಲ್ಲ. ಒಂದು ಗರಿ ಮೇಲೆ, ಒಂದು ಗರಿ ಕೆಳಗೆ. ಮಳೆಗಾಲಕ್ಕೆ ಮುಂಚೆ ಸೌದೆ ಕೊಟ್ಟಿಗೆಗೆ ಮಡಲು ಹೆಣೆದು ಕಟ್ಟುವುದು ಕೆಲವು ಮನೆಗಳಲ್ಲಿ ಇನ್ನೂ ಉಂಟು. ಒಬ್ಬ ಹುಡುಗ ಶಾಲೆಯ ಹಿಂದಿನಿಂದ ಒಂದು ಹಸಿ ಮಡಲು ತಂದು ಐದು ನಿಮಿಷದಲ್ಲಿ ಒಂದು ಮೊಳ ಹೆಣೆದು ತೋರಿಸಿದ. ನನಗೆ ಬರುತ್ತಿರಲಿಲ್ಲ, ಅವನೇ ಕಲಿಸಿದ. ಮೊದಲ ದಿನ ಬೆಲೆ ಕೇಳಿದವನೇ ಅವನು.

ಅಲ್ಲಿಂದ ಮಗ್ಗಕ್ಕೆ ಹೋಗುವುದು ಸುಲಭವಾಯಿತು. ಮಡಲಿನಲ್ಲಿ ಗರಿಗಳು ದಿಂಡಿಗೆ ಅಂಟಿಕೊಂಡಿವೆ, ಬಿಗಿಯಾಗಿ ನಿಲ್ಲುತ್ತವೆ. ನೂಲು ಹಾಗೆ ನಿಲ್ಲುವುದಿಲ್ಲ. ಅದನ್ನು ಎಳೆದು ಬಿಗಿ ಹಿಡಿಯುವ ಚೌಕಟ್ಟೇ ಮಗ್ಗ. ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಅಡ್ಡಕ್ಕೆ ಓಡುವ ಎಳೆ ಹೊಕ್ಕು. 'ಹಾಸುಹೊಕ್ಕು' ಎಂಬ ಮಾತನ್ನು ಮಕ್ಕಳು ಕೇಳಿದ್ದರು, ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ. ಕಾಲಿನಡಿಯ ತುಳಿ ಹಲಗೆ ಒತ್ತಿದಾಗ ಹಾಸಿನ ಅರ್ಧ ಎಳೆಗಳು ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ; ನಡುವೆ ಬಾಯಿ ತೆರೆದುಕೊಳ್ಳುತ್ತದೆ. ಆ ಬಾಯಿಯಲ್ಲಿ ಲಾಳಿ ಹಾದುಹೋಗುತ್ತದೆ. ಹಣಿಗೆಯಿಂದ ಬಡಿದು ಹೊಕ್ಕನ್ನು ಕೂರಿಸಬೇಕು. ಮತ್ತೆ ಇನ್ನೊಂದು ಕಾಲು. ಅಷ್ಟೆ. ವಿದ್ಯುತ್ ಮಗ್ಗ ಮಾಡುವುದೂ ಇಷ್ಟೇ, ಕೈಕಾಲಿನ ಬದಲು ಮೋಟಾರು.

ಆಮೇಲೆ ಲೆಕ್ಕ. ಇದನ್ನು ಗಣಿತದ ಪ್ರಶಿಕ್ಷಣಾರ್ಥಿಗಳೂ ಬಳಸಬಹುದು. ಸೀರೆಯ ಉದ್ದ ಐದೂವರೆ ಮೀಟರು, ಅಂದರೆ ಸುಮಾರು 216 ಅಂಗುಲ. ಅಂಗುಲಕ್ಕೆ 60 ಹೊಕ್ಕು ಎಂದಿಟ್ಟುಕೊಳ್ಳೋಣ. ಒಂದು ಸೀರೆಗೆ ಲಾಳಿ ಎಷ್ಟು ಸಲ ಓಡಬೇಕು? ಹದಿಮೂರು ಸಾವಿರದ ಹತ್ತಿರ. ನಿಮಿಷಕ್ಕೆ 40 ಸಲ ಓಡಿಸಿದರೆ ಐದೂವರೆ ಗಂಟೆಯ ಒಳಗೆ ಸೀರೆ ಮುಗಿಯಬೇಕು. ಹಾಗಾದರೆ ಒಂದು ಸೀರೆಗೆ ಒಂದು ದಿನಕ್ಕಿಂತ ಹೆಚ್ಚು ಯಾಕೆ ಬೇಕಾಗುತ್ತದೆ? ಈ ಪ್ರಶ್ನೆ ಕೇಳಿ ನಾನು ಸುಮ್ಮನಾದೆ. ಉತ್ತರ ನನಗೂ ಪೂರ್ತಿ ಗೊತ್ತಿರಲಿಲ್ಲ, ಪುಸ್ತಕದಲ್ಲಿ ಓದಿದಷ್ಟು ಮಾತ್ರ.

ಉತ್ತರ ಬಂದದ್ದು ಮೂರನೆಯ ದಿನ. ನಾನು ನೋಯಿಸಿದ್ದೆನಲ್ಲ, ಆ ಹುಡುಗಿ ಬೆಳಗ್ಗೆ ಪ್ರಾರ್ಥನೆಗೆ ಮೊದಲೇ ಬಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ್ದ ಏನನ್ನೋ ನನ್ನ ಕೈಯಲ್ಲಿಟ್ಟಳು. ಒಂದು ಲಾಳಿ. ಕರಿ ಮರ, ಎರಡೂ ತುದಿಗೆ ಕಬ್ಬಿಣದ ಮೊನೆ, ಹಿಡಿದು ಹಿಡಿದು ನುಣುಪಾದ ಮೈ. "ಅಜ್ಜಿಯದ್ದು ಟೀಚರ್. ನಿನ್ನೆಯ ಲೆಕ್ಕ ಹೇಳಿದೆ. ಟೀಚರಿಗೆ ಗೊತ್ತಿಲ್ಲ, ನಾನು ಬಂದು ಹೇಳ್ತೇನೆ ಅಂತ ಹೇಳಿದ್ರು." ಅವಳ ತಾಯಿಯ ತಾಯಿ ಕಿನ್ನಿಗೋಳಿ ಕಡೆಯವರು. ಮಗ್ಗ ಬಿಟ್ಟು ಬಹಳ ವರ್ಷಗಳಾಗಿವೆ. ಈಗ ಮಗಳ ಮನೆಯಲ್ಲಿದ್ದಾರೆ. ಮನೆಯಲ್ಲಿ ಮಗ್ಗ ಇಲ್ಲ ಎಂದು ಹುಡುಗಿ ಹೇಳಿದ್ದು ನಿಜವೇ ಆಗಿತ್ತು.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅಜ್ಜಿಯನ್ನು ಕರೆಸಿದೆವು. ತುಳು, ಕನ್ನಡ ಸೇರಿಸಿ ಮಾತಾಡಿದರು. ಕುರ್ಚಿ ಕೊಟ್ಟರೆ ಬೇಡವೆಂದು ಬೆಂಚಿನ ಮೇಲೆ ಕುಳಿತು, ಇಲ್ಲದ ಮಗ್ಗದ ಮೇಲೆ ಕೈಕಾಲು ಆಡಿಸಿ ತೋರಿಸಿದರು. ಬಲಗೈ ಹಗ್ಗ ಜಗ್ಗುತ್ತದೆ, ಎಡಗೈ ಬಡಿಯುತ್ತದೆ, ಪಾದ ತುಳಿಯುತ್ತದೆ. ಎಷ್ಟೋ ವರ್ಷದ ಹಿಂದೆ ಬಿಟ್ಟ ಕೆಲಸ, ತಾಳ ಮಾತ್ರ ತಪ್ಪಲಿಲ್ಲ. ನನ್ನ ಲೆಕ್ಕಕ್ಕೆ ಅವರು ಕೊಟ್ಟ ಉತ್ತರ ಹೀಗಿತ್ತು: "ಎಳೆ ಕಡಿತದೆ ಅಲ್ವಾ? ಕಡಿದ ಎಳೆ ಹುಡುಕಿ ಕಟ್ಟುವುದು ನಿಮ್ಮ ಲೆಕ್ಕದಲ್ಲಿ ಎಲ್ಲಿ ಉಂಟು? ಹೊಕ್ಕಿನ ನೂಲು ಸುತ್ತುವವರು ಯಾರು? ಗಂಜಿ ಯಾರು ಹಾಕುವುದು?"

ಈ ಮೂರು ಪ್ರಶ್ನೆಗಳೇ ನನ್ನ ಮುಂದಿನ ಪಾಠದ ಬೆನ್ನೆಲುಬಾದವು. ಲಡಿಯಾಗಿ ಬರುವ ನೂಲನ್ನು ತೊಳೆದು, ಬಣ್ಣ ಹಾಕಿ, ಒಣಗಿಸಬೇಕು. ಹಾಸಿನ ನೂಲನ್ನು ಉದ್ದಕ್ಕೆ ಎಳೆದು ಜೋಡಿಸಬೇಕು. ಸೀರೆಯ ಅಗಲ 48 ಅಂಗುಲ, ಅಂಗುಲಕ್ಕೆ 60 ಎಳೆ ಎಂದರೆ 2,880 ಎಳೆಗಳು. ಹೊಸ ಹಾಸು ಏರಿಸುವಾಗ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸದರ ಒಂದೊಂದನ್ನು ಸೇರಿಸಿ ಹೊಸೆಯಬೇಕು. ಹಣಿಗೆಯ ಉಜ್ಜುವಿಕೆಯನ್ನು ತಾಳಿಕೊಳ್ಳಲು ಹಾಸಿಗೆ ಗಂಜಿ ಬೇಕು. ಮಳೆಗಾಲದಲ್ಲಿ ಗಂಜಿ ಹಾಕಿದ ನೂಲು ಒಣಗುವುದಿಲ್ಲ. ಅಜ್ಜಿ ಕಿಟಕಿಯ ಆಚೆ ಕೈ ತೋರಿಸಿ, "ಇಂಥ ದಿನ ಮಗ್ಗ ಇದ್ದರೂ ಎಂತ ಮಾಡುವುದು?" ಎಂದರು. ಮಗ್ಗದ ಮೇಲೆ ಕೂತವರೊಬ್ಬರು ನಮಗೆ ಕಾಣುತ್ತಾರೆ, ಅವರ ಹಿಂದೆ ನೂಲು ಸುತ್ತುವ, ಗಂಜಿ ಹಾಕುವ ಎರಡು ಮೂರು ಜೊತೆ ಕೈಗಳು ಕಾಣುವುದಿಲ್ಲ. ಅವು ಹೆಚ್ಚಾಗಿ ಮನೆಯ ಹೆಂಗಸರ, ಮುದುಕರ ಕೈಗಳು. ಮನೆಯವರ ಕೆಲಸಕ್ಕೆ ಬೇರೆ ಕೂಲಿ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಮಕ್ಕಳು ಶಾಲೆಗೆ, ಸೊಸೆ ಬೀಡಿಗೆ ಅಥವಾ ಬೇರೆ ಕೆಲಸಕ್ಕೆ ಹೋದ ದಿನದಿಂದ ಮಗ್ಗದ ಅಡಿಪಾಯ ಸಡಿಲವಾಗತೊಡಗುತ್ತದೆ.

ಒಬ್ಬ ಹುಡುಗಿ ಕೇಳಿದಳು, "ಅಜ್ಜಿ, ನೀವು ಯಾಕೆ ಬಿಟ್ಟದ್ದು?"

"ಕೂಲಿ ಸಾಕಾಗ್ತಿರಲಿಲ್ಲ ಮಗಾ. ನನ್ನ ಮಕ್ಕಳು ಮಗ್ಗಕ್ಕೆ ಕೂರುವುದು ಬೇಡ ಅಂತ ಹೇಳಿದ್ದೂ ನಾನೇ."

ನನ್ನ ಪಾಠಯೋಜನೆಯಲ್ಲಿ ಈ ಉತ್ತರಕ್ಕೆ ಜಾಗ ಇರಲಿಲ್ಲ. ಕಲೆ ಉಳಿಯಬೇಕು ಎಂದು ನಾವು ಹೇಳುವಾಗ, ಯಾರೋ ಒಬ್ಬರ ಮಗು ಆ ಮಗ್ಗದ ಮುಂದೆ ಕೂರಬೇಕು ಎಂದೂ ಹೇಳುತ್ತಿರುತ್ತೇವೆ. ಯಾರ ಮಗು? ಅಂಕಿ ಅಂಶಗಳು ಅಜ್ಜಿಯ ಮಾತನ್ನೇ ಹೇಳುತ್ತವೆ. 2009-10ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ 43.31 ಲಕ್ಷ ಕೈಮಗ್ಗ ಕೆಲಸಗಾರರಿದ್ದರು. 2019-20ರ ನಾಲ್ಕನೆಯ ಗಣತಿಯಲ್ಲಿ 35.22 ಲಕ್ಷ. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ಅದೇ ಗಣತಿಯಂತೆ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರನೇ ಎರಡು ಪಾಲಿನ ಆದಾಯ ತಿಂಗಳಿಗೆ 5,000 ರೂಪಾಯಿಗಿಂತ ಕಡಿಮೆ.

ಕೂಲಿ ಯಾಕೆ ಕಡಿಮೆ? ಇದನ್ನು ವಿವರಿಸಲು ನನಗೆ ನೆರವಾದದ್ದು ಅಡಕೆ. ಆ ವಾರ ತರಗತಿಯಲ್ಲಿ ಗೈರುಹಾಜರಿ ಹೆಚ್ಚಿತ್ತು. ಮಳೆ ಸ್ವಲ್ಪ ಬಿಟ್ಟರೆ ಸಾಕು, ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. "ಮದ್ದು ಬಿಡುವವರಿಗೆ ದಿನಕ್ಕೆ ಎಷ್ಟು ಕೊಡ್ತೀರಿ?" ಎಂದು ಕೇಳಿದೆ. "ಸಾವಿರದ ಮೇಲೆ ಟೀಚರ್, ಅಷ್ಟು ಕೊಟ್ಟರೂ ಜನ ಸಿಗುದಿಲ್ಲ" ಎಂದು ನಾಲ್ಕೈದು ಕಡೆಯಿಂದ ಉತ್ತರ ಬಂತು. ಮರ ಹತ್ತುವುದೂ ಕುಶಲ ಕೆಲಸ, ನೇಯುವುದೂ ಕುಶಲ ಕೆಲಸ. ಇಬ್ಬರೂ ಕಡಿಮೆಯಾಗುತ್ತಿದ್ದಾರೆ. ಒಬ್ಬರ ಕೂಲಿ ಏರಿತು, ಇನ್ನೊಬ್ಬರದು ಯಾಕೆ ಏರಲಿಲ್ಲ?

ಸ್ವಲ್ಪ ಹೊತ್ತಿನ ಮೇಲೆ ಮಡಲಿನ ಹುಡುಗ ಹೇಳಿದ, "ಮರ ಇಲ್ಲಿಯೇ ಉಂಟಲ್ಲ ಟೀಚರ್. ಹತ್ತುವವ ಇಲ್ಲಿಗೇ ಬರ್ಬೇಕು. ಸೀರೆ ಬೇರೆ ಊರಿಂದಲೂ ಬರ್ತದೆ."

ಅರ್ಥಶಾಸ್ತ್ರದ ಅಧ್ಯಾಯವನ್ನು ಅವನು ಎರಡು ವಾಕ್ಯದಲ್ಲಿ ಮುಗಿಸಿದ. ಪಂಜದ ಮರವನ್ನು ಸೂರತ್ತಿನಲ್ಲಿ ಹತ್ತಲಾಗುವುದಿಲ್ಲ. ಆದರೆ ಕಿನ್ನಿಗೋಳಿಯ ಸೀರೆಯಂತೆ ಕಾಣುವ ಸೀರೆಯನ್ನು ಎಲ್ಲಿಂದಲೋ ವಿದ್ಯುತ್ ಮಗ್ಗದಲ್ಲಿ ನೇಯ್ದು ಕಳಿಸಬಹುದು. ಹೊರದೇಶದ ಅಡಕೆ ಕಳ್ಳದಾರಿಯಲ್ಲಿ ಬಂದರೆ ಇಲ್ಲಿನ ಧಾರಣೆ ಏನಾಗುತ್ತದೆಂದು ಈ ಮಕ್ಕಳಿಗೆ ಮನೆಯ ಮಾತಿನಿಂದಲೇ ಗೊತ್ತು. ನೇಕಾರರ ಕಷ್ಟ ಅವರಿಗೆ ಆ ಕ್ಷಣದಲ್ಲಿ ಹೊರಗಿನದಾಗಿ ಉಳಿಯಲಿಲ್ಲ.

ಈ ಅನುಕರಣೆಯನ್ನು ತಡೆಯುವ ಕಾನೂನು ಇಲ್ಲವೇ ಎಂದರೆ, ಇದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಮೊದಲು 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿತು. ಈಗ ಆ ಪಟ್ಟಿ 11ಕ್ಕೆ ಇಳಿದಿದೆ. ಕೆಲವು ಬಗೆಯ ಸೀರೆ, ಪಂಚೆ, ಟವೆಲು, ಲುಂಗಿ, ಜಮಖಾನೆ, ಕಂಬಳಿ ಅದರಲ್ಲಿವೆ. ಕಾಯ್ದೆ ಕಾಗದದ ಮೇಲಿದೆ, ಅಂಗಡಿಯಲ್ಲಿ ಕಾಣುವುದು ಬೇರೆ. ರಂಗಕರ್ಮಿ ಪ್ರಸನ್ನ ಅವರು ಈ ಕಾಯ್ದೆಯನ್ನು ಜಾರಿಗೆ ತನ್ನಿ ಎಂದು ಸತ್ಯಾಗ್ರಹ ಮಾಡಿದರು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈ ಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಮತ್ತೆ ಹೋರಾಡಿದರು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಅವರ ಮುಂದಾಳ್ತನದಲ್ಲಿ ಬೆಳೆದ 'ಚರಕ' ಮಹಿಳೆಯರ ಸಹಕಾರಿ ಸಂಸ್ಥೆ. ಪಂಜದ ಮಕ್ಕಳಿಗೆ ಚರಕದ ಬಗ್ಗೆ ಹೇಳುವಾಗ ಬಿಡಬಾರದ ಸಂಗತಿ ಒಂದುಂಟು: ಅಲ್ಲಿ ನೂಲಿಗೆ ಹಾಕುವ ನೈಸರ್ಗಿಕ ಬಣ್ಣಗಳಲ್ಲಿ ಅಡಕೆಯ ಚೊಗರೂ ಸೇರಿದೆ. ಮಲೆನಾಡಿನಲ್ಲಿ ಹಸಿ ಅಡಕೆ ಸುಲಿದು ಬೇಯಿಸುತ್ತಾರೆ, ಬೇಯಿಸಿದ ನೀರು ಚೊಗರಾಗುತ್ತದೆ. ನಮ್ಮ ಕಡೆಯದು ಒಣಗಿಸಿ ಸುಲಿಯುವ ಚಾಲಿ, ಹಾಗಾಗಿ ಚೊಗರು ಇಲ್ಲ. ಅಡಕೆಯಿಂದ ಬಟ್ಟೆಗೆ ಬಣ್ಣ ಎಂದಾಗ ತರಗತಿಯಲ್ಲಿ ಎದ್ದ ಗದ್ದಲ ಅಡಗಲು ಐದು ನಿಮಿಷ ಬೇಕಾಯಿತು. ಎಲೆ ತಿಂದ ಬಾಯಿಯ ಕೆಂಪು ಅಂಗಿಗೆ ಬಿದ್ದರೆ ಹೋಗುವುದಿಲ್ಲ, ಅದೂ ಬಣ್ಣವೇ ಅಲ್ಲವೇ ಎಂದು ಒಬ್ಬಳ ವಾದ. ಅಲ್ಲಿ ಸುಣ್ಣದ ಪಾತ್ರವೂ ಇದೆ ಎಂದು ವಿಜ್ಞಾನದ ಶಿಕ್ಷಕರು ಆಮೇಲೆ ವಿವರಿಸಿದರು.

ಈಗ ನಮ್ಮ ಕರಾವಳಿಯ ಕತೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಮ್ಮ ಪ್ರಶಿಕ್ಷಣಾರ್ಥಿಗಳು ಕೈಮಗ್ಗ ಎಂದರೆ ಇಳಕಲ್ಲು, ಮೊಳಕಾಲ್ಮೂರು ಎಂದಷ್ಟೇ ಬರೆಯುತ್ತಾರೆ. ನಾನೂ ಹಾಗೆಯೇ ಬರೆದಿದ್ದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳ ಜೊತೆಗೆ ನೇಯ್ಗೆಯನ್ನೂ ನಡೆಸಿತು. 1851ರಲ್ಲಿ ಬಂದ ಹಾಲರ್ ಎಂಬ ನೇಯ್ಗೆ ಪರಿಣತರು ಇಲ್ಲಿ ಓಡುವ ಲಾಳಿಯ ಮಗ್ಗಗಳನ್ನು ಹೂಡಿದರು. ಖಾಕಿ ಬಣ್ಣ ಹುಟ್ಟಿದ್ದು ಅವರ ಬಣ್ಣದ ಕೋಣೆಯಲ್ಲಿ ಎಂಬ ಮಾತು ಮಂಗಳೂರಿನಲ್ಲಿ ಪ್ರಸಿದ್ಧ. ಓಡುವ ಲಾಳಿ ಎಂದರೆ 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ರೂಪಿಸಿದ್ದು. ಲಾಳಿಯನ್ನು ಕೈಯಿಂದ ಕೈಗೆ ದಾಟಿಸುವ ಬದಲು ಹಗ್ಗ ಜಗ್ಗಿದರೆ ಅದೇ ಓಡುತ್ತದೆ. ಅಜ್ಜಿಯ ಬಲಗೈ ಜಗ್ಗಿದ್ದು ಆ ಹಗ್ಗವನ್ನೇ. ಪಠ್ಯಪುಸ್ತಕದ ಕೈಗಾರಿಕಾ ಕ್ರಾಂತಿ ಪಂಜದ ಬೆಂಚಿನ ಮೇಲೆ ಕುಳಿತು ಕೈ ಆಡಿಸುತ್ತಿತ್ತು ಎಂದು ಹೇಳಿದರೆ ಅತಿಶಯವಲ್ಲ.

ಅವಿಭಜಿತ ದಕ್ಷಿಣ ಕನ್ನಡದಲ್ಲಿ ಶಿವಳ್ಳಿ, ತಾಳಿಪಾಡಿ ಮೊದಲಾದ ಕಡೆ ನೇಕಾರರ ಸಹಕಾರಿ ಸಂಘಗಳು ಬೆಳೆದವು. ಅಲ್ಲಿ ನೇಯ್ದ ಹಗುರವಾದ ಹತ್ತಿ ಸೀರೆ, ಸಾದಾ ಅಥವಾ ಚೌಕುಳಿ ಮೈ, ಬೇರೆ ಬಣ್ಣದ ಅಂಚು ಸೆರಗು, ಉಡುಪಿ ಸೀರೆ ಎಂದು ಹೆಸರಾಯಿತು. 2016ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಮಾನ್ಯತೆ ಸಿಗುವ ಹೊತ್ತಿಗೆ ನೇಯುವವರು ಮಾತ್ರ ಬೆರಳೆಣಿಕೆಯ ಹಿರಿಯರು. ಹೆಸರಿಗೆ ರಕ್ಷಣೆ ಸಿಕ್ಕರೆ ನೇಯುವವರಿಗೆ ಕೂಲಿ ಸಿಕ್ಕಂತಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆಮೇಲೆ ನಡೆದದ್ದು ಮಕ್ಕಳಿಗೆ ಹೇಳಲು ತಕ್ಕ ಪ್ರಸಂಗ. ಮಮತಾ ರೈ ಅವರ ನೇತೃತ್ವದ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಕೆಲಸಕ್ಕಿಳಿಯಿತು. ಅವರು ಮೊದಲು ಕೈಹಾಕಿದ್ದು ದೊಡ್ಡ ಯೋಜನೆಗಲ್ಲ. ಇರುವ ನೇಕಾರರ ಸೀರೆಗಳು ಮಾರಾಟವಾಗುವಂತೆ ನೋಡಿಕೊಂಡರು, ಸೀರೆಯ ಜೊತೆ ಅದನ್ನು ನೇಯ್ದವರ ಹೆಸರು, ಭಾವಚಿತ್ರ ಹೋಗುವಂತೆ ಮಾಡಿದರು. ಬೇಡಿಕೆ ಬಂದ ಮೇಲೆ ಕೂಲಿ ಏರಿತು, ಕೂಲಿ ಏರಿದ ಮೇಲೆ ಬಿಟ್ಟುಹೋದ ಕೆಲವರು ಮಗ್ಗಕ್ಕೆ ಮರಳಿದರು, ಹೊಸ ಹೆಣ್ಣುಮಕ್ಕಳು ಭತ್ಯೆ ಪಡೆದು ಕಲಿಯಲು ಬಂದರು. ಹೊಸದಾಗಿ ಕಲಿತವರಲ್ಲಿ ನೇಕಾರ ಮನೆತನದವರಲ್ಲದವರೂ ಇದ್ದಾರೆ. ನನ್ನ ಮೊದಲ ದಿನದ ತಪ್ಪಿಗೆ ಉತ್ತರ ಇಲ್ಲಿತ್ತು ಎನಿಸಿತು. ಹುಟ್ಟಿನಿಂದ ಹೇರಿದ ಕಸುಬಾದರೆ ಮಕ್ಕಳು ತಲೆ ತಗ್ಗಿಸುತ್ತಾರೆ. ಸಂಬಳ ಬರುವ ವಿದ್ಯೆಯಾದರೆ ಯಾರಾದರೂ ಕಲಿಯಲು ಬರುತ್ತಾರೆ.

ಸರ್ಕಾರದ ಕಡೆಯಿಂದ ಇರುವುದನ್ನೂ ಹೇಳಬೇಕು. ಕರ್ನಾಟಕದ ನೇಕಾರ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 2,000 ರೂಪಾಯಿ ಇದ್ದದ್ದು 5,000ಕ್ಕೆ ಏರಿದೆ. 1975ರಲ್ಲಿ ಆರಂಭವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ 'ಪ್ರಿಯದರ್ಶಿನಿ' ಮಳಿಗೆಗಳಲ್ಲಿ ಮಾರುತ್ತದೆ. ಸರ್ಕಾರಿ ಶಾಲೆಯ ವಿದ್ಯಾವಿಕಾಸ ಸಮವಸ್ತ್ರದ ಬಟ್ಟೆಯನ್ನು ಪೂರೈಸಿದ್ದೂ ಇದೆ. ನೀವು ತೊಟ್ಟ ಅಂಗಿಯ ಬಟ್ಟೆ ಎಲ್ಲಿಂದ ಬಂತು ಎಂದು ಮಕ್ಕಳನ್ನು ಕೇಳಿ ನೋಡಿ, ಅದೇ ಒಂದು ಚಟುವಟಿಕೆ. ನನ್ನ ಅಭಿಪ್ರಾಯದಲ್ಲಿ ವರ್ಷಕ್ಕೊಮ್ಮೆ ಕೊಡುವ ಸಹಾಯಧನಕ್ಕಿಂತ ಶಾಲೆ, ಆಸ್ಪತ್ರೆ, ಕಚೇರಿಗಳು ತಮಗೆ ಬೇಕಾದ ಬಟ್ಟೆಯಲ್ಲಿ ಒಂದು ಪಾಲನ್ನು ಕೈಮಗ್ಗದಿಂದ ಕೊಳ್ಳುವುದು ಹೆಚ್ಚು ಬಾಳುವ ನೆರವು. ತಿಂಗಳು ತಿಂಗಳು ಕೆಲಸ ಇದ್ದರೆ ನೇಕಾರರಿಗೆ ಸಮ್ಮಾನ ಬೇರೆ ಬೇಕಾಗುವುದಿಲ್ಲ.

ಕೊಳ್ಳುವ ನಿರ್ಧಾರ ಎಷ್ಟು ಮುಖ್ಯ ಎಂಬುದಕ್ಕೆ ಆಗಸ್ಟ್ 15 ಹತ್ತಿರದಲ್ಲೇ ಇತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಖಾದಿಯ ರಾಷ್ಟ್ರಧ್ವಜಗಳನ್ನು ಸಿದ್ಧಪಡಿಸುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಅವಕಾಶವಾಯಿತು. ಒಂದು ವಾಕ್ಯ ಬದಲಾದರೆ ಎಷ್ಟೋ ಚರಕಗಳ, ಮಗ್ಗಗಳ ಕೆಲಸ ಅಲುಗಾಡುತ್ತದೆ. ಇಲ್ಲಿ ಒಂದು ಗೊಂದಲವನ್ನು ಬಿಡಿಸಿಯೇ ಮುಂದುವರಿಯಬೇಕು. ಖಾದಿ ಮತ್ತು ಕೈಮಗ್ಗ ಒಂದೇ ಎಂದು ಮಕ್ಕಳು ಬರೆಯುತ್ತಾರೆ, ನಮ್ಮಲ್ಲೂ ಹಲವರು ಹಾಗೆಯೇ ತಿಳಿದಿದ್ದೇವೆ. ನೂಲನ್ನೂ ಕೈಯಲ್ಲಿ ತೆಗೆದು ಕೈಯಲ್ಲೇ ನೇಯ್ದದ್ದು ಖಾದಿ. ಗಿರಣಿಯ ನೂಲನ್ನು ಕೈಮಗ್ಗದಲ್ಲಿ ನೇಯ್ದರೆ ಅದು ಕೈಮಗ್ಗದ ಬಟ್ಟೆ, ಖಾದಿಯಲ್ಲ. ಉಡುಪಿ ಸೀರೆ ಎರಡನೆಯ ಬಗೆಯದು. ಕೊಳ್ಳುವಾಗ ಗುರುತಿಸುವುದು ಹೇಗೆ ಎಂಬುದು ಮಕ್ಕಳ ಮುಂದಿನ ಪ್ರಶ್ನೆ. 2006ರಲ್ಲಿ ಬಂದ 'ಹ್ಯಾಂಡ್‌ಲೂಮ್ ಮಾರ್ಕ್' ಚೀಟಿ ನೋಡಬೇಕು, ಇಲ್ಲವೆ ಸಂಘದಿಂದಲೇ ಕೊಳ್ಳಬೇಕು. ಅಂಚಿನ ಸೂಜಿತೂತು, ಎಳೆಯ ಏರುಪೇರು ಎಂದು ಹೇಳುವ ಗುರುತುಗಳನ್ನು ಪೂರ್ತಿ ನಂಬುವಂತಿಲ್ಲ, ಯಂತ್ರದ ಬಟ್ಟೆಯಲ್ಲೂ ಅವು ಕಾಣಬಹುದು.

ನಾಲ್ಕನೆಯ ಪಾಠ ಕೈಕೆಲಸ. ಸಂಭ್ರಮ ಶನಿವಾರಕ್ಕೆ ಹೊಂದಿಸಿಕೊಂಡೆವು. ಪುಸ್ತಕದ ಅಳತೆಯ ಗಟ್ಟಿ ರಟ್ಟು, ಮೇಲೆ ಕೆಳಗೆ ಅರ್ಧ ಸೆಂಟಿಮೀಟರಿಗೊಂದರಂತೆ ಕಚ್ಚು, ಅದಕ್ಕೆ ಸುತ್ತಿದ ದಾರ ಹಾಸು. ಹೊಕ್ಕಿಗೆ ಹಳೆಯ ಸೀರೆಯ ಪಟ್ಟಿಗಳು. ಲಾಳಿಗೆ ಅಡಕೆ ಸಲಾಕೆ ಸೀಳಿ ನುಣ್ಣಗೆ ಮಾಡಿದ ಕಡ್ಡಿ, ಹಣಿಗೆಗೆ ತಲೆ ಬಾಚುವ ಹಣಿಗೆಯೇ. ಕೆಲವು ಎಚ್ಚರಿಕೆ: ಹಾಸಿನ ಎಳೆಗಳು ಬೆಸ ಸಂಖ್ಯೆಯಲ್ಲಿರಲಿ. ತೀರ ಬಿಗಿದರೆ ರಟ್ಟು ಬಾಗುತ್ತದೆ. ಮಳೆಗಾಲದಲ್ಲಿ ತೆಳು ರಟ್ಟು ಬೇಡ, ತಂಪಿಗೆ ಮೆತ್ತಗಾಗುತ್ತದೆ. ನಾವು ಸೇಬಿನ ಪೆಟ್ಟಿಗೆಯ ರಟ್ಟು ತಂದೆವು. ಎರಡು ಅವಧಿ ಬೇಕೇ ಬೇಕು, 40 ನಿಮಿಷದಲ್ಲಿ ಮುಗಿಸಲು ಹೋದರೆ ಬರೀ ಹಾಸು ಕಟ್ಟಿದಲ್ಲಿಗೆ ಗಂಟೆ ಹೊಡೆಯುತ್ತದೆ. ಎಲ್ಲರಿಗೂ ಬರುವ ತೊಂದರೆ ಒಂದೇ: ಹೊಕ್ಕನ್ನು ಜಗ್ಗಿ ಜಗ್ಗಿ ಬಟ್ಟೆ ನಡುವಿನಲ್ಲಿ ಸಣಕಲಾಗುವುದು. ಹಾಗಾದಾಗ ಬಿಚ್ಚಿಸಬೇಡಿ. ತಮ್ಮ ಬಟ್ಟೆಯ ಅಂಚನ್ನೂ ಉಡುಪಿ ಸೀರೆಯ ಅಂಚನ್ನೂ ಪಕ್ಕದಲ್ಲಿಟ್ಟು ನೋಡಲಿ. ಮೊದಲ ದಿನ ನಾನು ಎಷ್ಟು ಮಾತಾಡಿದರೂ ಹುಟ್ಟದ ಗೌರವ ಆ ನೇರ ಅಂಚನ್ನು ನೋಡಿದಾಗ ಹುಟ್ಟಿತು.

ಇದು ಹೊಸ ವಿಧಾನವೇನಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲ ಶಿಕ್ಷಣದಲ್ಲಿ ಕಸುಬು ಪಾಠದ ಮಧ್ಯದಲ್ಲೇ ಇತ್ತು. ನಮ್ಮ ಪಕ್ಕದ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಜೊತೆ ಮಾಡಿದ ಪ್ರಯೋಗಗಳೂ ಕೈ ಮತ್ತು ಕಣ್ಣಿಗೆ ಕೆಲಸ ಕೊಟ್ಟವೇ. ಕನ್ನಡ ಬೋಧಿಸುವವರು ಬೇಕಿದ್ದರೆ ಇದೇ ವಾರ ಮುದನೂರಿನ ಜೇಡರ ದಾಸಿಮಯ್ಯನ ವಚನಗಳನ್ನು ತೆಗೆದುಕೊಳ್ಳಬಹುದು. ಬಸವಣ್ಣನವರಿಗಿಂತ ಹಿಂದಿನ ಆ ವಚನಕಾರ ನೇಕಾರನಾಗಿದ್ದ. ಹಾಸು, ಹೊಕ್ಕು, ಲಾಳಿ ಕೈಯಲ್ಲಿ ಹಿಡಿದ ಮಕ್ಕಳಿಗೆ ಆ ಮಾತುಗಳ ಅರ್ಥವನ್ನು ಅಡಿಟಿಪ್ಪಣಿಯಲ್ಲಿ ಹೇಳಬೇಕಾಗುವುದಿಲ್ಲ.

ಮೌಲ್ಯಮಾಪನಕ್ಕೆ ನಾನು ಒಂದೇ ಪ್ರಶ್ನೆ ಕೊಟ್ಟೆ: "ನಾನೂರರ ಸೀರೆ, ಎರಡು ಸಾವಿರದ ಸೀರೆ. ನಿಮ್ಮ ಮನೆಯಲ್ಲಿ ಯಾವುದನ್ನು ಕೊಳ್ಳುತ್ತೀರಿ, ಯಾಕೆ?" ಹೆಚ್ಚಿನವರು ನಾನೂರರದನ್ನೇ ಬರೆದರು. ನಾನು ಅಂಕ ಕಡಿಯಲಿಲ್ಲ. ಕಾರಣಗಳು ಮೊದಲ ದಿನದಂತಿರಲಿಲ್ಲ. "ಅಮ್ಮನಿಗೆ ದಿನಾ ತೋಟಕ್ಕೆ ಹೋಗಲು ನಾನೂರರದ್ದು, ಅಕ್ಕನ ಮದುವೆಗೆ ಒಂದು ಉಡುಪಿ ಸೀರೆ" ಎಂದು ಒಬ್ಬಳು. "ಸೀರೆ ಬೇಡ, ಟವೆಲು ತೆಗೆದುಕೊಂಡರೆ ನಮಗೂ ಆಗುತ್ತದೆ, ಅವರಿಗೂ ಕೆಲಸ" ಎಂದು ಇನ್ನೊಬ್ಬ. ಅಜ್ಜಿಯ ಮೊಮ್ಮಗಳು ಬರೆದದ್ದು: "ಅಜ್ಜಿ ನೇಯ್ದ ಒಂದು ಸೀರೆ ಪೆಟ್ಟಿಗೆಯಲ್ಲಿ ಉಂಟು. ಅದಕ್ಕೆ ಅವರಿಗೆ ಎಷ್ಟು ಸಿಕ್ಕಿತ್ತು ಅಂತ ಕೇಳಿದೆ. ಅವರು ಹೇಳಲಿಲ್ಲ."

ಬೋಧನಾಭ್ಯಾಸ ಮುಗಿದು ನಾನು ಹೊರಡುವ ದಿನ ಲಾಳಿಯನ್ನು ಅವಳ ಕೈಗೆ ಮರಳಿಸಿದೆ. ಮಧ್ಯಾಹ್ನ ಅಜ್ಜಿಯೇ ಬಂದರು, ಮಕ್ಕಳ ರಟ್ಟಿನ ಮಗ್ಗಗಳನ್ನು ನೋಡಬೇಕೆಂದು. ಒಂದೊಂದನ್ನೇ ಎತ್ತಿ, ಕನ್ನಡಕ ಸರಿಸಿ, ಅಂಚಿನ ಮೇಲೆ ಬೆರಳು ಆಡಿಸಿದರು. ಮಡಲಿನ ಹುಡುಗನದು ಉಳಿದವರದಕ್ಕಿಂತ ನೇರವಾಗಿತ್ತು. "ಇವನಿಗೆ ಕೈ ಉಂಟು" ಎಂದರು. ಹುಡುಗ ನಾಚಿ ಗೆಳೆಯನ ಹಿಂದೆ ನಿಂತ. ಮಗ್ಗಗಳೆಲ್ಲ ಈಗ ಆ ಶಾಲೆಯ ಸಮಾಜ ವಿಜ್ಞಾನ ಕಪಾಟಿನ ಮೇಲಿನ ಅರೆಯಲ್ಲಿವೆ. ಮುಂದಿನ ತಂಡದಲ್ಲಿ ಪಂಜಕ್ಕೆ ಹೋಗುವವರು ಕೇಳಿ ತೆಗೆದುಕೊಳ್ಳಬಹುದು. ಅರ್ಧ ನೇಯ್ದು ಬಿಟ್ಟವು ಏಳೆಂಟು ಇವೆ.